ಪೇಪರ್‌ವೇಟ್ ಆದ ಬೆಸುಗೆ

ಅಪ್ಪಾ,

ನೀನು ಹೋಗಿ ನಾಲ್ಕು ವರ್ಷವಾಯಿತು, ಈ ಕಾಗದ ನಿನ್ನನ್ನು ಮುಟ್ಟುವುದಿಲ್ಲ. ಆದರೂ ಮೈ ಉರಿಯುತ್ತಿದೆ, ಇನ್ಯಾರಿಗೆ ಹೇಳಲಿ?

ಸುವಾ ಬಂದರಿನಲ್ಲಿ ಹಡಗು ರಿಪೇರಿ ಮಾಡುವ ನಮ್ಮ ಯಾರ್ಡಿಗೆ ಇವತ್ತು ವೆಲ್ಡರ್ ಒಬ್ಬನನ್ನು ಆರಿಸಬೇಕಿತ್ತು. ಕಡಾವು ದ್ವೀಪದ ಸಾಕಿಯಾಸಿ ಎಂಬವನು ಕೈಬರಹದ ಅರ್ಜಿಯ ಜೊತೆ ತಾನು ಬೆಸೆದ ಉಕ್ಕಿನ ತುಂಡೊಂದನ್ನೂ ಕಳಿಸಿದ್ದ. ನಿನ್ನ ಬೆಸುಗೆಯಂತೆಯೇ ಒಂದೇ ಸಮನಾಗಿತ್ತು, ಎಲ್ಲೂ ತೂತಿರಲಿಲ್ಲ. ಅರ್ಜಿಯ ಇಂಗ್ಲಿಷಿನಲ್ಲಿ ಮಾತ್ರ ಸಾಲಿಗೊಂದು ತಪ್ಪು.

ಮ್ಯಾನೇಜರ್ ಜೋವಿಲಿಸಿ ಅದನ್ನು ಬೇಡದ ಅರ್ಜಿಗಳ ಜೊತೆ ಸೇರಿಸಿ, ಫ್ಯಾನ್ ಗಾಳಿಗೆ ಹಾರದಿರಲೆಂದು ಆ ತುಂಡನ್ನೇ ಮೇಲಿಟ್ಟರು.

"ಸಾರ್, ಹಡಗಿನ ತಳಕ್ಕೆ ಸ್ಪೆಲ್ಲಿಂಗ್ ಹಚ್ತೀವಾ? ಒಂದ್ಸಲ ಕರೆದು ಕೆಲ್ಸ ಮಾಡ್ಸಿ ನೋಡೋಣ," ಅಂದೆ.

"ಮೂರು ತಪ್ಪಿದ್ರೆ ಅರ್ಜಿ ಪಕ್ಕಕ್ಕಿಡಿ ಅಂತ ಹೋದ್ವರ್ಷ ಬರೆದುಕೊಟ್ಟಿದ್ದು ಯಾರು, ಮೆರೆಸೇನಿ? ನೀನೇ ತಾನೇ? ಈಗ ನನಗೇ ಪಾಠ ಹೇಳೋಕೆ ಬಂದ್ಯಾ?"

ಮನೆಗೆ ಬರುವಾಗ ಆ ತುಂಡನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ. ಅದರಿಂದ ಅವನಿಗೇನು ಬಂತು?

ನಾನು ಹಾಸ್ಟೆಲಿನಲ್ಲಿದ್ದಾಗ, ನನ್ನ ಶಾಲೆಗೆ ತಕ್ಕಂತಿರಲೆಂದು ನೀನು ಇಂಗ್ಲಿಷಿನಲ್ಲಿ ಕಾಗದ ಬರೆದೆ. ನಾನು ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ನಿನಗೇ ವಾಪಸ್ ಕಳಿಸಿದೆ. ಆಮೇಲೂ ಪ್ರತಿ ತಿಂಗಳು ದೋಣಿಯಲ್ಲಿ ಮರಗೆಣಸು ಬರುತ್ತಿತ್ತು, ಕಾಗದ ಬರಲಿಲ್ಲ.

ಆ ಕಾಗದದಲ್ಲಿ ನೀನು ಏನು ಬರೆದಿದ್ದೆಯೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಹದಿನಾಲ್ಕು ತಪ್ಪುಗಳಿದ್ದವು. ಅಷ್ಟು ನೆನಪಿದೆ.

ಮೆರೆ