ಅಮ್ಮನಿಗೆ ಮನಸ್ಸಿನಲ್ಲಿ ಓದಲು ಬರುವುದಿಲ್ಲ

ಡಿಸೆಂಬರ್ 31, ಬೆಳಗಿನ ಐದು

ಅಮ್ಮ ಗಟ್ಟಿಯಾಗಿ ಬೈಬಲ್ ಓದಲು ಶುರು ಮಾಡಿದಳು. ಮೊದಲು ಒಂದು ಕೀರ್ತನೆ, ಆಮೇಲೆ ತಾರೀಖಿಗೆ ಸರಿಯಾದ ಜ್ಞಾನೋಕ್ತಿಯ ಅಧ್ಯಾಯ. ಇವತ್ತು ಮೂವತ್ತೊಂದು, ಮನೆ ನಡೆಸುವ ಹೆಂಗಸಿನ ಹೊಗಳಿಕೆ. ಕೂಲಿಗೆ ಮೆಣಸಿನಕಾಯಿ ತೊಟ್ಟು ಮುರಿದ ಬೆರಳು ತಾಕದಂತೆ ಪೊರಕೆ ಕಡ್ಡಿಯಲ್ಲಿ ಹಾಳೆ ಮಗುಚುತ್ತಾಳೆ. ಆದರೂ ಖಾರಕ್ಕೆ ಕೆಮ್ಮು.

"ಇಷ್ಟೆಲ್ಲ ದುಡಿದ್ಳಲ್ಲ, ಇವಳಿಗೆ ಕೂಲಿ ಯಾರು ಕೊಟ್ರು? ಪಾಸ್ಟರಯ್ಯನ್ನ ಕೇಳ್ಬೇಕು."

ಕೇಳಿಯೇ ಕೇಳುತ್ತಾಳೆ.

ಜನವರಿ 8

ಗೋಡೆಯಾಚೆಯಿಂದ ರೂತಕ್ಕ: "ಅತ್ತಿಗೇ, ಇವತ್ತು ಎಷ್ಟನೇ ಅಧ್ಯಾಯ?"

"ಎಂಟು!"

"ಅಯ್ಯೋ, ಆಸ್ಪತ್ರೇಲಿ ಬಿಪಿ ಮಾತ್ರೆ ಕೊಡೋ ದಿನ!"

ನಮ್ಮ ಕೇರಿಗೆ ಅಮ್ಮನೇ ಕ್ಯಾಲೆಂಡರ್.

ಜನವರಿ 13

ಕಾಗದ ಬಂತು. ಟೀಚರ್ ಕೆಲಸದ ಪಟ್ಟಿಯಲ್ಲಿ ನನ್ನ ಹೆಸರಿದೆ. ಆದರೆ ಯಾರೋ ಅರ್ಜಿ ಹಾಕಿದ್ದಾರೆ: ಸುವರ್ಚಲ ಎಂಬಾಕೆ ಕ್ರೈಸ್ತಳು, ಮನೆಯಲ್ಲಿ ದಿನಾ ಬೈಬಲ್ ಓದುವ ಸದ್ದು. ವಿಚಾರಣೆಗೆ ಬರುತ್ತಾರಂತೆ. ನಿಜವೆಂದಾದರೆ ಪರಿಶಿಷ್ಟ ಜಾತಿ ಸರ್ಟಿಫಿಕೇಟ್ ರದ್ದು. ಅದು ರದ್ದಾದರೆ ಕೆಲಸವೂ ಇಲ್ಲ.

ಮನೆಯಲ್ಲಿ ನಾನು ಸುವಾರ್ತ. ಶಾಲೆಗೆ ಸೇರಿಸಿದ ಮೇಷ್ಟ್ರು ಸುವರ್ಚಲ ಎಂದು ಬರೆದರು. ಹನುಮಂತನ ಹೆಂಡತಿಯ ಹೆಸರು! ಅಮ್ಮ ಮನೆಯಲ್ಲಿ ದೀನಮ್ಮ, ರೇಷನ್ ಕಾರ್ಡಿನಲ್ಲಿ ವೆಂಕಾಯಮ್ಮ.

ನಾವು ದೇವರನ್ನು ಬದಲಾಯಿಸಿದೆವು. ಊರು ನಮ್ಮನ್ನು ನೋಡುವ ಕಣ್ಣು ಬದಲಾಯಿಸಿತೇ? ಟೀ ಅಂಗಡಿಯವನು ನನ್ನ ಲೋಟ ಬೇರೆ ಇಟ್ಟಾಗ ಯಾವ ಪುಸ್ತಕ ಓದುತ್ತೀ ಎಂದು ಕೇಳಿದ್ದನೇ?

ಜನವರಿ 14

ಅಮ್ಮನಿಗೆ ಹೇಳಿದೆ. "ಸ್ವಲ್ಪ ದಿನ ಮನಸ್ಸಿನಲ್ಲೇ ಓದಿಕೋ."

"ಅದು ಹ್ಯಾಗೆ ಓದೋದು?"

ಹೇಗೆಂದು ಹೇಳಿಕೊಡಲು ನನಗೂ ಬರಲಿಲ್ಲ. ಅಪ್ಪ ತೀರಿಕೊಂಡ ವರ್ಷ, ಅಮ್ಮ ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆ ಸೇರಿದವಳು. ಒಂದೊಂದೇ ಅಕ್ಷರ ಕೂಗಿ, ಕೂಡಿಸಿ, ಕೀರ್ತನೆಗಳಲ್ಲೇ ಓದು ಕಲಿತವಳು. ಬಾಯಿ ಮುಚ್ಚಿಕೊಂಡು ಎರಡು ಸಾಲು ನೋಡಿದಳು. ಪುಸ್ತಕ ಮಡಚಿದಳು.

"ಆಗಲ್ಲ ಕಣೇ. ನನ್ ದನಿ ನಂಗೇ ಕೇಳ್ದೆ ಹೋದ್ರೆ ಅಕ್ಷರ ಎಲ್ಲ ಸುಮ್ನೆ ಇರುವೆ ಸಾಲು."

ನಕ್ಕೆ. ಆಮೇಲೆ ನಗು ಬರಲಿಲ್ಲ.

ಜನವರಿ 15

ಬೆಳಗಿನ ಐದು. ಸದ್ದಿಲ್ಲ.

ಜನವರಿ 23

ರೂತಕ್ಕ ಬಾಗಿಲಿಗೇ ಬಂದು ಜಗಳ. ಎರಡು ವಾರಕ್ಕೊಮ್ಮೆ ಕೊಡುವ ಮಾತ್ರೆ ನಿನ್ನೆ ಇಪ್ಪತ್ತೆರಡಕ್ಕೆ ತಪ್ಪಿಹೋಗಿದೆ. ಇವತ್ತು ಹೋಗಿ ಬರಿಗೈಯಲ್ಲಿ ವಾಪಸ್.

"ನೀನು ಬಾಯಿ ಮುಚ್ಚಿದ್ದಕ್ಕೆ ನನ್ ಬಿಪಿ ಏರ್ತು ಅತ್ತಿಗೆ! ಸತ್ರೆ ನಿನ್ ತಲೆ ಮೇಲೆ!"

"ಸಾಯೋಳು ಇಷ್ಟು ಜೋರಾಗಿ ಕೂಗಲ್ಲ ಹೋಗೇ," ಎಂದಳು ಅಮ್ಮ. ಗೋಂಗುರ ಸೊಪ್ಪಿನ ಚಟ್ನಿ ಕೊಟ್ಟು ಕಳಿಸಿದಳು. ಒಂಬತ್ತು ದಿನದಲ್ಲಿ ಅವಳು ಗಟ್ಟಿಯಾಗಿ ಆಡಿದ ಮಾತು ಅದೊಂದೇ.

ಜನವರಿ 27

ನಾಳೆ ವಿಚಾರಣೆಗೆ ಬರುತ್ತಾರೆ. ಬೈಬಲ್ ಅಕ್ಕಿ ಡಬ್ಬಿಗೆ ಹೋಯಿತು. ಗೋಡೆಗೆ ವೆಂಕಟೇಶ್ವರನ ಕ್ಯಾಲೆಂಡರ್ ತಂದು ಹಾಕಿದವಳು ಅಮ್ಮನೇ. "ಇವ್ನೂ ಪಾಪ ಏನ್ ಮಾಡ್ದ? ಒಂದು ದಿನ ಇರ್ಲಿ." ನನ್ನ ತಲೆಗೆ ಎಣ್ಣೆ ಹಚ್ಚಿದಳು. ಕೈಯಲ್ಲಿ ಉಳಿದಿದ್ದ ಖಾರಕ್ಕೆ ನೆತ್ತಿ ಉರಿಯಿತು. ತಲೆ ಸರಿಸಲಿಲ್ಲ.

ಜನವರಿ 28, ಮಧ್ಯಾಹ್ನ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಕಂದಾಯದವರು ಇಬ್ಬರು ಬಂದರು. ಒಳಗೆ ಕಾಲಿಡಲಿಲ್ಲ. ನೀರು ಬೇಡವೆಂದರು. ನಾವು ಯಾವ ಜಾತಿ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನೇ ವಿಚಾರಿಸಲು ಬಂದಿದ್ದರು!

"ದೀನಮ್ಮ ಯಾರು?"

"ಹಂಗಂದ್ರೆ ಯಾರೂ ಇಲ್ಲ ಸಾರ್. ಇವ್ಳು ವೆಂಕಾಯಮ್ಮ," ಎಂದಳು ಓಡಿ ಬಂದಿದ್ದ ರೂತಕ್ಕ.

"ಬೈಬಲ್ ಓದ್ತೀಯಂತೆ?"

ಅಮ್ಮ ತಲೆ ತಗ್ಗಿಸಿದಳು. "ಓದಾ? ನಂಗೆ ಒಂದಕ್ಷರ ಬರಲ್ಲ ಸಾಮಿ. ಹೆಬ್ಬೆಟ್ಟು."

ಅವರಲ್ಲೊಬ್ಬ ಹೇಳಿಕೆ ಬರೆದುಕೊಂಡ. ಶಾಯಿ ಡಬ್ಬಿ ತೆಗೆದು ಜಗಲಿಯ ಮೇಲಿಟ್ಟ. ಅಮ್ಮ ಎಡಗೈ ಚಾಚಿದಳು. ಮೂರು ವರ್ಷ ರಾತ್ರಿ ಶಾಲೆಗೆ ಹೋಗಿ ಆ ಹೆಬ್ಬೆಟ್ಟನ್ನು ಗೆದ್ದವಳು. ನನಗಾಗಿ ಅದನ್ನೇ ಮತ್ತೆ ಚಾಚಿದಳು.

ಆ ಕೈ ಹಿಡಿದುಕೊಂಡೆ.

"ನಮ್ಮಮ್ಮನಿಗೆ ಓದು ಬರುತ್ತೆ ಸಾರ್. ಸಹಿ ಹಾಕ್ತಾಳೆ. ಪೆನ್ನು ಕೊಡಿ."

"ಸುಮ್ನಿರೇ, ನಿನ್ ಕೆಲ್ಸ..." ಅಮ್ಮನ ಕಣ್ಣು ತುಂಬಿತ್ತು.

"ಬರಿಯಮ್ಮ."

ಅವಳು ನನ್ನ ಮುಖವನ್ನೇ ನೋಡಿದಳು. ಪೆನ್ನು ತೆಗೆದುಕೊಂಡಳು. ಮನಸ್ಸಿನಲ್ಲಿ ಬರೆಯಲೂ ಅವಳಿಗೆ ಬರುವುದಿಲ್ಲ. ಓಣಿಗೆಲ್ಲ ಕೇಳುವಂತೆ, ಒಂದೊಂದೇ ಅಕ್ಷರ ಕೂಗಿ ಬರೆದಳು: ದೀ... ನ...