ಬಾಲ ಬಿಟ್ಟು ಅಳೆದ ಉದ್ದ

ಮುತ್ತುಕೋಡಿ, ಫೆಬ್ರವರಿ 30, 2361

ಮುತ್ತುಕೋಡಿ ಬಂದರಿನ ಹರಾಜುಕಟ್ಟೆಯ ಗುಮಾಸ್ತರಿಗೆ ತಾರಿಣಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ; ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತೆನೇ ಹೊರತು ಯಾರ ಬಾಯಿಂದಲೂ ಕೇಳಿದವಳಲ್ಲ. ನಿಮ್ಮ ಹೆಸರೂ ನನಗೆ ಗೊತ್ತಿಲ್ಲ. ನೀವು ಬರೆದಿಟ್ಟ ದಪ್ಪ ಪುಸ್ತಕದ ಮೇಲೆ ‘ತಾಟೆ ಮೀನು, ಉದ್ದ ಮತ್ತು ತೂಕ’ ಎಂದಷ್ಟೇ ಇದೆ. ತಾಟೆ ಅಂದರೆ ಶಾರ್ಕ್ ಎಂದು ತಿಳಿಯಲು ನಾನು ಗುಲಾಬಕ್ಕನನ್ನು ಕೇಳಬೇಕಾಯಿತು.

ಗುಲಾಬಕ್ಕ ನಮ್ಮೂರಿನ ಹಿರಿಯ ತೂಕಗಾರ್ತಿ. ನಾವೀಗ ಶಾರ್ಕ್ ಹಿಡಿಯುವುದಿಲ್ಲ, ತಕ್ಕಡಿಗೆ ಹಾಕುವುದಿಲ್ಲ. ಆದರೂ ಈ ಕಡಲಿಗೆ ಬರುವ ಪ್ರತಿ ದೊಡ್ಡ ಶಾರ್ಕಿನ ತೂಕವನ್ನು ಬರೆದಿಡುತ್ತೇವೆ. ಅವು ಮೈತುಂಬಿಕೊಂಡಿದ್ದರೆ ಕಡಲಿನಲ್ಲಿ ಊಟ ಇದೆ ಎಂದರ್ಥ. ನಮ್ಮ ನೀರು ಯಾವಾಗಲೂ ಕದಡಿರುವುದರಿಂದ ಆಕಾಶದಲ್ಲಿ ತೇಲುವ ಕ್ಯಾಮೆರಾಗಳಿಗೆ, ನಾವು ಮೇಗಣ್ಣು ಅನ್ನುತ್ತೇವೆ, ಏನೂ ಕಾಣದು. ಹಾಗಾಗಿ ಮನುಷ್ಯರೇ ಗಂಟು ಹಾಕಿದ ಹಗ್ಗ ಹಿಡಿದು ಶಾರ್ಕಿನ ಪಕ್ಕ ಈಜಬೇಕು. ಒಬ್ಬರು ಮೂತಿಯ ಹತ್ತಿರ, ಒಬ್ಬರು ಬಾಲದ ಬುಡದ ಹತ್ತಿರ, ಇಬ್ಬರು ಎದೆಯ ಸುತ್ತ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, ಕೊನೆಗೆ ಮೂವತ್ತೈದರಿಂದ ಗುಣಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ. ಅಳೆಯುವ ದಿನ ಶಾಲೆಗೆ ರಜೆ. ನೀರಿನ ಮೇಲಿನ ಕಂಬದ ಮನೆಗಳ ಜಗಲಿಯಲ್ಲಿ ಊರೆಲ್ಲ ಕುಳಿತು, ಕಡಲಸೊಪ್ಪಿನ ಕಡುಬು ತಿನ್ನುತ್ತಾ ನೋಡುತ್ತದೆ. ಹಳೆಯ ಕಾಗದಗಳನ್ನು ಓದುವ ಕೆಲಸಕ್ಕೆ ಸೇರಿದ ನಾನು ಎಲ್ಲರ ಹಿಂದೆ ನಿಂತು ನೋಡುತ್ತಿದ್ದೆ.

ಕಳೆದ ತಿಂಗಳು ಚುಕ್ಕಮ್ಮ ಬಂದಳು. ತಿಮಿಂಗಿಲ ಶಾರ್ಕ್, ಹೆಣ್ಣು, ಬೆನ್ನ ತುಂಬ ಬಿಳಿ ಚುಕ್ಕಿ. ಅವಳು ಮೇಯುವ ಜಾಗದ ನಡುವೆಯೇ ಹಡಗುದಾರಿಯ ಮಂಡಳಿ ಆಳದ ಕಾಲುವೆ ತೋಡಲು ಹೊರಟಿತ್ತು. ನಮ್ಮ ಕಾನೂನು ಸರಳ: ಹತ್ತು ಮೀಟರ್ ದಾಟಿದ ಹೆಣ್ಣು ಮೇಯುವ ನೀರಿನಲ್ಲಿ ಕಾಲುವೆ ತೋಡುವಂತಿಲ್ಲ. ಅಷ್ಟು ಬೆಳೆದದ್ದು ತಾಯಿ ಎಂದು ಲೆಕ್ಕ. ಗುಲಾಬಕ್ಕ ಎಪ್ಪತ್ತರ ವಯಸ್ಸಿನಲ್ಲಿ ತಾನೇ ನೀರಿಗಿಳಿದು ಅಳೆದಳು. ಸುತ್ತಳತೆ ಐದು ಮೀಟರ್ ನಲವತ್ತು ಸೆಂಟಿಮೀಟರ್. ತೂಕ ಒಂಬತ್ತು ಟನ್ನಿಗೆ ತುಸು ಹೆಚ್ಚು. ಉದ್ದ ಮಾತ್ರ ಎಂಟು ಮೀಟರ್ ತೊಂಬತ್ತು ಸೆಂಟಿಮೀಟರ್. ಕಾಲುವೆಯ ಬಗ್ಗೆ ಕಡಲಸಭೆ ತೀರ್ಮಾನಿಸಲು ಇನ್ನು ಮೂರೇ ದಿನ ಇತ್ತು. ತನ್ನ ಕೈಯ ಹಗ್ಗವೇ ಚುಕ್ಕಮ್ಮನನ್ನು ಬಿಟ್ಟುಕೊಟ್ಟಿತೆಂದು ಗುಲಾಬಕ್ಕ ಅಂದು ಊಟ ಮಾಡಲಿಲ್ಲ. ಸುಳ್ಳು ಅಳತೆ ಬರೆಯುವವಳೂ ಅವಳಲ್ಲ.

ಮರುದಿನ ನಿಮ್ಮ ಪುಸ್ತಕದಲ್ಲಿ ಒಂದು ಪುಟ ಸಿಕ್ಕಿತು. ಡಿಸೆಂಬರ್ ಹನ್ನೆರಡರ ಪುಟ. ಎಲ್ಲ ಪುಟಗಳಂತೆ ಅಲ್ಲೂ ಉದ್ದ, ತೂಕ. ಆದರೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ನೀವು ಬರೆದಿದ್ದೀರಿ: ‘ಬಾಲ ಕಡಿದ ಮೇಲೆ.’

ನಾನು ಓಡಿಹೋಗಿ ಗುಲಾಬಕ್ಕನನ್ನು ಕೇಳಿದೆ, ನಾವು ಬಾಲವನ್ನು ಯಾಕೆ ಅಳೆಯುವುದಿಲ್ಲ ಎಂದು.

“ಬಾಲ್ದ್ ಲೆಕ್ಕ ಯಾರ್ ಮಾಡ್ತ್ರ್ ಹೆಣೆ? ನಮ್ಮಜ್ಜಿ ಮಾಡ್ಲಿಲ್ಲ, ಅವ್ರಜ್ಜಿ ಮಾಡ್ಲಿಲ್ಲ” ಅಂದಳು. ಹಾಗನ್ನುತ್ತಲೇ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಆ ಅಂಚನ್ನು ಓದಿದಳು.

ಹರಾಜುಕಟ್ಟೆಯಲ್ಲಿ ನೀವು ಮೊದಲು ಬಾಲ ಕಡಿದು, ಆಮೇಲೆ ಅಳೆಯುತ್ತಿದ್ದಿರಿ. ಅದನ್ನೇ ನೋಡಿ ಕಲಿತವರು ಜೀವಂತ ಶಾರ್ಕನ್ನೂ ಬಾಲದ ಬುಡದವರೆಗೆ ಮಾತ್ರ ಅಳೆದರು. ಮುನ್ನೂರು ವರ್ಷ ಯಾರಿಗೂ ಅನುಮಾನ ಬರಲಿಲ್ಲ, ಯಾಕೆಂದರೆ ತೂಕ ಸರಿಯಾಗಿಯೇ ಬರುತ್ತಿತ್ತು! ಆ ಮೂವತ್ತೈದು ಹೊಂದಿಕೊಂಡದ್ದೇ ಬಾಲ ಬಿಟ್ಟ ಉದ್ದಕ್ಕೆ; ಕಾನೂನಿನ ಹತ್ತು ಮೀಟರ್ ಮಾತ್ರ ಬಾಲವೂ ಸೇರಿದ ಇಡೀ ಮೈಯ ಉದ್ದ. ಸರಿಯಾದ ತೂಕದ ಮರೆಯಲ್ಲಿ ತಪ್ಪು ಉದ್ದ ಆರಾಮವಾಗಿ ಬದುಕಿತ್ತು.

ಸಭೆಯಲ್ಲಿ ಪುಟ ಓದುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಜನರ ಮುಂದೆ ಹೆಸರು ಹೇಳಲೂ ತಡವರಿಸುವ ನಾನು ಕಾಗದದಿಂದ ಕಣ್ಣೆತ್ತದೆ ಓದಿದೆ. ಮಂಡಳಿಯ ವಕೀಲ ಸುಧೀಂದ್ರರು ನಕ್ಕರು. “ನಿನ್ನೆ ಇಲ್ಲದ ಬಾಲ ಇವತ್ತು ಎಲ್ಲಿಂದ ಬಂತು? ಒಂದು ಹಲ್ಲು ಹಿಡಿದುಕೊಂಡು, ಯಾರೂ ಕಾಣದ ಪುರಾತನ ಶಾರ್ಕ್ ಮೆಗಲೊಡಾನಿಗೆ ಒಮ್ಮೆ ಹದಿನೈದು ಮೀಟರ್, ಒಮ್ಮೆ ಇಪ್ಪತ್ತನಾಲ್ಕು ಮೀಟರ್ ಅಂದವರ ಮೊಮ್ಮಕ್ಕಳಲ್ಲವೇ ನೀವು?”

“ಹೋಯ್ ವಕೀಲ್ರೇ,” ಅಂದಳು ಗುಲಾಬಕ್ಕ, “ಆ ಮೀನ್ ಸತ್ತು ಎಷ್ಟ್ ಕಾಲ ಆಯ್ತ್. ಹಲ್ಲ್ ಬಿಟ್ರೆ ಎಂತ ಉಳಿದಿತ್ತ್ ಅವ್ರಿಗೆ? ಇದ್ ಈಗ್ಳೂ ಜೀವಂತ ಇತ್ತ್. ಹಗ್ಗದ ಒಂದ್ ತುದಿ ನೀವೇ ಹಿಡ್ಕಣಿ, ಬನ್ನಿ.”

ಊರೆಲ್ಲ ಹೋ ಎಂದಿತು. ವಕೀಲರು ಹಿಂಜರಿಯುವಂತಿರಲಿಲ್ಲ. ಕೋಟು ಬಿಚ್ಚಿ ನೀರಿಗಿಳಿದರು. ಮೂತಿಯ ಹತ್ತಿರ ಅವರು, ಬಾಲದ ಮೇಲ್ತುದಿಯಲ್ಲಿ ಗುಲಾಬಕ್ಕ. ಚುಕ್ಕಮ್ಮ ಇಬ್ಬರನ್ನೂ ಲೆಕ್ಕಿಸದೆ ಬಾಯಿ ತೆರೆದು ಮೇಯುತ್ತಾ ಸಾಗಿದಳು. ಮೇಲೆ ಬಂದು ಗಂಟುಗಳನ್ನು ಎಣಿಸಿದವರು ಸುಧೀಂದ್ರರೇ. ಎರಡು ಸಲ ಎಣಿಸಿದರು. ಒದ್ದೆ ಮುಖದಿಂದ ಸಭೆಯ ಕಡೆ ತಿರುಗಿ, “ಹನ್ನೊಂದು ಮೀಟರ್ ಹತ್ತು” ಎಂದು ಅವರೇ ಕೂಗಿದರು. ಅವರ ಧ್ವನಿಯಲ್ಲಿ ಸೋಲು ಇರಲಿಲ್ಲ, ಅಷ್ಟು ದೊಡ್ಡ ಜೀವಿಯನ್ನು ಹತ್ತಿರದಿಂದ ಕಂಡ ಬೆರಗು ಇತ್ತು. ಜಗಲಿಗಳು ಅದುರುವಂತೆ ಜನ ಕುಣಿದರು. ಗುಲಾಬಕ್ಕ ನನ್ನ ಕೈಯನ್ನು ಹಿಡಿದು ಮೇಲೆತ್ತಿದಳು. ಅವಳ ಅಂಗೈ ಹಗ್ಗದಂತೆಯೇ ಒರಟು.

ಕಾಲುವೆ ಈಗ ಹದಿನೆಂಟು ಕಿಲೋಮೀಟರ್ ಬಳಸಿ ಹೋಗುತ್ತದೆ. ಹಳೆಯ ಪುಸ್ತಕಗಳ ಉದ್ದಗಳನ್ನೆಲ್ಲ ತಿದ್ದುತ್ತಿದ್ದೇವೆ. ನಿಮ್ಮ ಕಾಲದ ಶಾರ್ಕುಗಳೂ ದಿನಕ್ಕಿಷ್ಟರಂತೆ ಬೆಳೆಯುತ್ತಿವೆ.

ಈ ಕಾಗದ ನಿಮ್ಮ ಕೈಸೇರುವುದು ಯಾವಾಗಲೋ ತಿಳಿಯದು. ಡಿಸೆಂಬರ್ ಹನ್ನೆರಡಕ್ಕೆ ಮುಂಚೆ ಸೇರಿದರೆ ಒಂದು ಕೋರಿಕೆ. ಅಂದು ಬಂದರಿನಲ್ಲಿ ಗದ್ದಲ ಇದ್ದೀತು, ಪೆನ್ನು ಸರಿಯಾಗಿ ಬರೆಯದಿದ್ದೀತು, ಪಕ್ಕದವರು ‘ಅದೆಲ್ಲ ಯಾಕೆ ಬರೀತೀರಿ, ಎಲ್ಲರಿಗೂ ಗೊತ್ತಿರುವುದೇ’ ಅಂದಾರು. ಅವರ ಮಾತು ಕೇಳಬೇಡಿ. ಅಂಚಿನಲ್ಲಿ ಜಾಗ ಇದೆ. ಬರೆಯಿರಿ.