ಬಾಲದ ಗಾಲಿಗೆ ಮಲ್ಲಿಗಿ

೫-೧೦-೮೧, ಸಂಜಿಮುಂದ

ಇವತ್ತೂ ಡ್ರಮ್ಮು ತುಂಬೋದಾ ಕೆಲ್ಸ. ಹತ್ತಿಹೊಲಕ್ಕ ಔಷಧ ಹೊಡಿಯೋ ಇಮಾನ, ದಿನಕ್ಕ ಹತ್ತು-ಹನ್ನೆರಡು ಸಲ ಏರತೈತಿ, ಇಳೀತೈತಿ. ಕೈ ನಾತ ಹೋಗವಲ್ದು. ದಾವಣಗೆರಿ ಮಿಲ್ಲು ಬಿಟ್ಟೆ, ಹುಬ್ಬಳ್ಳಿ ಹೋಟ್ಲು ಬಿಟ್ಟೆ, ಈಗ ಈ ಕೊಟ್ಟೂರ ಬಯಲು. ಇಲ್ಲೂ ಕಾಲು ನಿಲ್ಲವಲ್ದು... ಬರಿಯಾಕ ಬ್ಯಾಸರ, ಅದಕ್ಕ ಟೇಪಿನ್ಯಾಗ ಮಾತಾಡ್ತೀನಿ. ಪೈಲಟ್ ಸಾಹೇಬ್ರು ಕೊಟ್ಟ ಹಳೇ ಟೇಪು.

ಇಮಾನಕ್ಕ ಮುಂದ ಎರಡು ದೊಡ್ಡ ಗಾಲಿ, ಬಾಲದ ಕೆಳಗ ಒಂದು ಸಣ್ಣದು. ಮೆಕ್ಯಾನಿಕ್ ಎರ್ರೆಪ್ಪಣ್ಣ ಅಂತಾನ, "ಹಾರೋದೇನು ದೊಡ್ದಲ್ಲಲೇ. ಇಳಿಯೋವಾಗ ಆ ಮರಿಗಾಲಿ ತಿರುಗಲಿಲ್ಲಂದ್ರ ಇಮಾನ ಬೆದರಿದ ಹೋರಿ ಆಗತೈತಿ."

೭-೧೦-೮೧

ಆಯುಧಪೂಜಿ. ಹಡಗಲಿಯಿಂದ ದುರುಗಮ್ಮಕ್ಕ ಬಸ್ಸಿನ್ಯಾಗ ಮಲ್ಲಿಗಿ ಕಳಿಸ್ಯಾಳ. ಬಾಳಿಗಿಡದ ನಾರಿಗೆ ಕಟ್ಟಿದ್ದು, ಎರಡು ಮಾರು. ನನ್ ತಮ್ಮನ ಇಮಾನಕ್ಕ ಅಂತ ಹೇಳಿಕಳಿಸ್ಯಾಳ. ಎಲ್ಲಾರೂ ನಕ್ಕರು — ಇಮಾನ ನಿಂದಾಗಿದ್ದು ಯಾವಾಗಲೇ ಅಂತ.

ಮುಂದಿನ ಗಾಲಿಗೆ ಚೆಂಡುಹೂವು ಹಾಕಿದ್ರು. ಅಕ್ಕನ ಮಾಲಿ ಬಾಲದ ಗಾಲಿಗೆ ನಾನಾ ಸುತ್ತಿದೆ. ಗಟ್ಟಿಯಾಗಿ.

೮-೧೦-೮೧, ಮುಂಜಾನಿ

ಬನ್ನಿ ಹಬ್ಬ ಆದ್ರೇನು, ಹತ್ತಿ ಹುಳಕ್ಕ ರಜಾ ಇಲ್ಲ. ಎರ್ರೆಪ್ಪಣ್ಣ ಹೂವೆಲ್ಲಾ ಕೀಳು ಅಂದ. ಮುಂದಿನವು ಕಿತ್ತೆ. ಅಕ್ಕನ ಮಲ್ಲಿಗಿ ಇನ್ನೂ ಘಮ ಅಂತಿತ್ತು. ಬಾಡದಿದ್ದ ಪೂಜಿ ಹೂವು ಕೀಳಾಕ ಕೈ ಬರಲಿಲ್ಲ.

ಎಲ್ಲಾ ತೆಗದಿಯೇನಲೇ ಅಂದ. ಹ್ಞೂ ಅಂದೆ. ನಂಬಿ, ಇಮಾನ ಸರಿ ಐತಿ ಅಂತ ಬುಕ್ಕಿನ್ಯಾಗ ಸೈ ಮಾಡಿದ.

ಅವತ್ತಾ, ಮಧ್ಯಾಹ್ನ

ಏರಿದ್ದು ಸರಿಯಾಗೇ ಏರ್ತು. ಇಳಿಯೋವಾಗ ಅಡ್ಡಗಾಳಿ. ನೆಲ ಮುಟ್ಟಿತು, ಓಡಿತು, ಒಮ್ಮೆಲೇ ಮೂತಿ ಎಡಕ್ಕ ತಿರುವಿ ಗರ್ರನ... ರೆಕ್ಕಿ ನೆಲಕ್ಕ ಬಡಿದು ಮಗುಚಿತು. ಸಾಹೇಬ್ರ ಕಾಲು ಒಳಗಾ ಸಿಕ್ಕೊಂಡಿತ್ತು. ಎಳದು ಜೀಪಿಗೆ ಹಾಕಿದ್ವಿ.

ಎಲ್ಲಾರು ಹೋದ ಮ್ಯಾಲೆ ಬಾಲ ನೋಡಿದೆ. ನಾರು ಗಾಲಿ ಸಂದಿನ್ಯಾಗ ಸುತ್ತಿಕೊಂಡು ಹಗ್ಗ ಆಗಿತ್ತು. ಗಾಲಿ ಅಲ್ಲಾಡವಲ್ದು. ಬ್ಲೇಡಿನಿಂದ ಕೊಯ್ದೆ. ಜೇಬಿಗಿಟ್ಟೆ.

೧೩-೧೦-೮೧

ಐದು ದಿನದ ಮ್ಯಾಲೆ ಟೇಪು ತಗದೆ. ಸಾಹೇಬ್ರ ಬಲಗಾಲು ಕತ್ತರಿಸ್ಯಾರ. ಇಮಾನದ ಬಾಲ ನನ್ ಮಾತು ಕೇಳಲಿಲ್ಲ ಅಂತ ಆಸ್ಪತ್ರ್ಯಾಗ ಒಂದಾ ಸಮ ಅಂತಾರಂತ. ಗಾಲಿ ಚಲೋ ತಿರುಗತೈತಲ್ಲ, ಗಾಳಿ ಸಂಭಾಳಿಸಾಕ ಬರಲಿಲ್ಲ ನಿಮಗ — ಇದು ಕಂಪನಿಯವ್ರು. ಇಲ್ಲಾ ಮೆಕ್ಯಾನಿಕ್ ತಪ್ಪು, ಕೆಲಸದಿಂದ ತೆಗಿತೀವಿ ಅಂದಾರ.

ಎರ್ರೆಪ್ಪಣ್ಣ ಊಟ ಬಿಟ್ಟಾನ. "ಬಾಲದ್ದೂ ತೆಗದಿದ್ದಿ ಹೌದಲ್ಲಲೇ, ತಮ್ಮಾ?"

ಮತ್ತ ಹ್ಞೂ ಅಂದೆ.

೧೬-೧೦-೮೧

ಚೀಲ ಕಟ್ಟಿದೆ. ಹೊಸಪೇಟಿ ಬಸ್ಸು ಹತ್ತಿದೆ. ಒಳಗ ಹಡಗಲಿ ಹೂವಿನ ಬುಟ್ಟಿ ಇದ್ವು. ಆ ವಾಸನಿ... ಇಳಿದು ನಡಕೊಂತ ಹೊಳ್ಳಿ ಬಂದೆ.

೧೭-೧೦-೮೧, ಹತ್ತು ಗಂಟಿ

ಇನ್ಕ್ವೈರಿಯವ್ರು ಟೆಂಟಿನ್ಯಾಗ ಅದಾರ. ಎರ್ರೆಪ್ಪಣ್ಣನ್ನ ಕರದಾರ. ಅವನ ದನಿ ಇಲ್ಲಿ ಮಟ ಕೇಳ್ತೈತಿ.

"ಗಾಲಿ ನಾ ನೋಡಬೇಕಿತ್ರಿ, ನೋಡಲಿಲ್ಲ. ಆ ಹುಡುಗನ್ನ ಏನೂ ಕೇಳಬ್ಯಾಡ್ರಿ."

ಗೊತ್ತೈತಿ ಅವಂಗ. ಗೊತ್ತಿದ್ದಾ ತನ್ನ ಮ್ಯಾಲೆ ಹಾಕ್ಕೊಂತಾನ...

ನಾರು ಜೇಬಿನ್ಯಾಗ ಐತಿ. ಒಣಗೈತಿ. ಟೇಪು ಬಂದ್ ಮಾಡಲ್ಲ, ಹಿಂಗಾ ಹೋಗತೀನಿ. ಎದ್ದೆ. ಪರದಿ ಸರಿಸಿದೆ.

"ಸಾಹೇಬ್ರ, ಅದು ಗಾಳಿ ಅಲ್ರಿ. ಅದು ನಾ—"